ತುಂಬಿದ ಮೈಯೂ ಕತ್ತರಿಯ ವಿವೇಕವೂ

ನಡು ಸಣ್ಣದಾಗಿ, ನಿತಂಬವೂ ತೊಡೆಗಳೂ ತುಂಬಿಕೊಂಡಿರತಕ್ಕ ಸ್ತ್ರೀಯರಿಗೆ ಪ್ಯಾಂಟು ಸ್ಕರ್ಟುಗಳ ವಿಷಯದಲ್ಲಿ ಉಪದೇಶಿಸುವವರು ಕಪ್ಪು ಬಣ್ಣವನ್ನೇ ಆರಿಸಿರಿ, ಸಡಿಲವಾದುದನ್ನೇ ತೊಡಿರಿ, ಅಡ್ಡಗೆರೆಯನ್ನು ವರ್ಜಿಸಿರಿ ಎಂದು ಮೊದಲುಮಾಡುತ್ತಾರೆ. ದೇಹವೇ ಒಂದು ದೋಷ, ಅದನ್ನು ಮರೆಮಾಡುವುದೇ ಉಡುಪಿನ ಧರ್ಮ ಎಂಬ ಗ್ರಹಿಕೆ ಈ ಬೋಧನೆಯ ತಳದಲ್ಲಿದೆ. ನನ್ನ ಮತದಲ್ಲಿ ದೋಷವನ್ನು ಹುಡುಕಬೇಕಾದದ್ದು ಕತ್ತರಿಯಲ್ಲಿ.

ಸಿದ್ಧ ಉಡುಪನ್ನು ತಯಾರಿಸುವವರು ನಡುವಿಗೂ ನಿತಂಬಕ್ಕೂ ಇರುವ ಅಂತರವನ್ನು ಒಂದು ಪ್ರಮಾಣದಲ್ಲಿ ನಿಶ್ಚಯಿಸಿಕೊಂಡು, ಆ ಮಾದರಿಯನ್ನೇ ಹಿಗ್ಗಿಸುತ್ತಲೂ ಕುಗ್ಗಿಸುತ್ತಲೂ ಹೋಗುವುದರಿಂದ, ಆ ಪ್ರಮಾಣವನ್ನು ಮೀರಿದ ಮೈಗೆ ತೊಡೆಯಲ್ಲಿ ಸರಿಹೋದ ಪ್ಯಾಂಟು ಹಿಂದುಗಡೆ ನಡುವಿನಲ್ಲಿ ಬಾಯ್ದೆರೆದು ನಿಲ್ಲುತ್ತದೆ. ನಡುವಿಗೆ ಸರಿಹೋದುದು ತೊಡೆಯನ್ನೇ ಏರದು. ಬೆಲ್ಟಿನಿಂದ ಬಿಗಿದರೆ ಬಟ್ಟೆ ಮುದ್ದೆಗಟ್ಟುವುದಲ್ಲದೆ ಆಕಾರ ಹುಟ್ಟುವುದಿಲ್ಲ. ಆದಕಾರಣ ನಿತಂಬದ ಅಳತೆಗೆ ಕೊಂಡು, ನಡುವನ್ನು ದರ್ಜಿಯಿಂದ ಒಳಗೆ ಹಿಡಿಸಿಕೊಳ್ಳುವುದೇ ವಿವೇಕ. ಇದ್ದ ಬಟ್ಟೆಯನ್ನು ಹಿಡಿಯಬಹುದು, ಇಲ್ಲದುದನ್ನು ಎಲ್ಲಿಂದ ತರುವುದು? ನಡುಪಟ್ಟಿ ನೆಟ್ಟಗಿರದೆ ಮೈಯೊಡನೆ ಬಾಗಿರಬೇಕು, ಹಿಂಭಾಗದಲ್ಲಿ ಡಾರ್ಟುಗಳು, ಎಂದರೆ ಬಟ್ಟೆಯನ್ನು ಒಳಗೆ ಹಿಡಿದು ಹೊಲಿದ ಮೊನಚು ಮಡಿಕೆಗಳು, ಇರಬೇಕು. ಪಕ್ಕದ ಜೇಬು ತಾನಾಗಿ ಬಾಯಿಬಿಟ್ಟಿತೆಂದರೆ, ಅಂಗಡಿಯವನು ಏನೇ ಹೇಳಲಿ, ಪ್ಯಾಂಟು ಬಿಗಿಯಾಗಿದೆಯೆಂದೇ ಅರ್ಥ. ಹಿಗ್ಗುವ ನೂಲು ಬೆರೆತ ಬಟ್ಟೆ ಇಂಥ ಕುಂದನ್ನು ಕೆಲಕಾಲ ಮುಚ್ಚೀತು, ತಿದ್ದಲಾರದು.

ದೋಷ ಮೈಯದಲ್ಲವೆಂಬ ಮಾತಿಗೆ ಸ್ಕರ್ಟಿನ ಚರಿತ್ರೆ ಇನ್ನಷ್ಟು ಪುಷ್ಟಿ ಕೊಡುತ್ತದೆ. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಪ್ರದರ್ಶಿಸಿದ ಉಡುಪುಗಳಲ್ಲಿ ಪ್ರಸಿದ್ಧವಾದುದೊಂದು ನಡುವನ್ನು ಸೆಳೆದು ಕಟ್ಟಿ, ನಿತಂಬದೆಡೆಗೆ ಮೆತ್ತೆಯನ್ನೇ ಇಟ್ಟು ತುಂಬುರೂಪವನ್ನು ಮೆರೆಸಿತು. ಯುದ್ಧಾನಂತರದ ಅಭಾವದ ದಿನಗಳಲ್ಲಿ ಒಂದು ಸ್ಕರ್ಟಿಗೆ ಅಷ್ಟೊಂದು ಗಜ ಬಟ್ಟೆಯನ್ನು ಸುರಿದುದಕ್ಕೆ ಆಕ್ಷೇಪಣೆ ಬಂದುದು ನ್ಯಾಯವೇ ಆಗಿದ್ದರೂ, ಮೆತ್ತೆಯಿಂದ ಅಂದು ಸಾಧಿಸಿದುದನ್ನು ನಿಸರ್ಗವೇ ಕೊಟ್ಟಿರುವಾಗ ಅದನ್ನು ಅಡಗಿಸುವ ಹಟವೇಕೆಂಬ ಪ್ರಶ್ನೆ ಉಳಿಯುತ್ತದೆ. ಹಾಗೆಂದು ನಡುವಿನಲ್ಲೇ ದಟ್ಟವಾಗಿ ನೆರಿಗೆ ಹಿಡಿದ ಸ್ಕರ್ಟನ್ನು ನಾನು ಮೆಚ್ಚಲಾರೆ. ಅದು ಬೇಡದೆಡೆಯಲ್ಲಿ ಬಟ್ಟೆಯನ್ನು ರಾಶಿಹಾಕುತ್ತದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ತುಂಡುಗಳನ್ನು ಜೋಡಿಸಿ ಹೊಲಿದುದು—ನಮ್ಮ ಸೀರೆಯ ಒಳಲಂಗಗಳಲ್ಲಿ ಅನೇಕವು ಇದೇ ಕ್ರಮದವು—ನಡುವನ್ನು ಅಪ್ಪಿ, ನಿತಂಬವನ್ನು ಬಳಸಿ, ನಡೆಗೆ ಎಡೆಗೊಟ್ಟು ಇಳಿಯುವುದರಿಂದ ಸರ್ವಥಾ ಶ್ರೇಷ್ಠ. ವಸ್ತ್ರವಿನ್ಯಾಸಕಿ ಮ್ಯಾಡ್ಲೀನ್ ವಿಯೊನೆ 1920ರ ದಶಕದಲ್ಲಿ ಪ್ರಸಿದ್ಧಿಗೆ ತಂದ, ನೂಲಿಗೆ 45 ಡಿಗ್ರಿ ಓರೆಯಾಗಿ ಬಟ್ಟೆಯನ್ನು ಕತ್ತರಿಸುವ ಪದ್ಧತಿ ಇದಕ್ಕಿಂತ ಸೊಗಸಾದುದೇನೋ ಹೌದು. ಆದರೆ ಬಟ್ಟೆಗೆ ತೂಕವಿಲ್ಲದಿದ್ದರೆ ಒಳ ಉಡುಪಿನ ಅಂಚನ್ನೂ ಅದು ಮುಚ್ಚಿಡದು. ಮೊಣಕಾಲಿನತ್ತ ಕಿರಿದಾಗುವ ಪೆನ್ಸಿಲ್ ಸ್ಕರ್ಟು, ಹಿಂದೆ ಸೀಳು ಇದ್ದು ನಿತಂಬದಲ್ಲಿ ಬಿಗಿಯದಿದ್ದರೆ, ಆಕ್ಷೇಪಾರ್ಹವಲ್ಲ.

ಬಣ್ಣದ ವಿಚಾರವನ್ನು ಅವರವರ ಅಭಿರುಚಿಗೆ ಬಿಡಬಹುದು. ಅಂಗಡಿಯ ಕನ್ನಡಿಯ ಮುಂದೆ ನಿಂತು ನೋಡಿದಷ್ಟಕ್ಕೇ ತೃಪ್ತರಾಗದೆ, ಕುಳಿತು, ಬಗ್ಗಿ, ಸಾಧ್ಯವಾದರೆ ಎರಡು ಮೆಟ್ಟಿಲು ಹತ್ತಿ ನೋಡಿ, ಆಮೇಲೆ ಹಣ ಕೊಡಿರಿ.