ನಿಲ್ದಾಣ ಕಲೆಯ ಔಚಿತ್ಯವಿಚಾರ

ಕಲೆಗೂ ಅವಸರಕ್ಕೂ ಸಖ್ಯವಿಲ್ಲವೆಂಬುದು ರೂಢಿಯ ಮಾತು. ದೇಗುಲದ ಶಿಲ್ಪವನ್ನು ಕಾಣಲು ಪ್ರದಕ್ಷಿಣೆಯ ವ್ಯವಧಾನ ಬೇಕು. ರೈಲು ನಿಲ್ದಾಣದಲ್ಲಿ ಅದಕ್ಕೆ ಎಡೆಯೆಲ್ಲಿ? ಆದರೂ ಗಾಡಿ ಹಿಡಿಯಲು ಧಾವಿಸುವವರ ಕಣ್ಣಿಗೆಂದೇ ಕಲೆಯನ್ನು ಅಣಿಗೊಳಿಸಿದ ನಗರಗಳುಂಟು. ಇಂತಹ ಕೃತಿಗಳನ್ನು ತೂಗುವಾಗ ಚೆಲುವೊಂದನ್ನೇ ನೋಡಿದರೆ ಸಾಲದು. ಅವುಗಳ ಔಚಿತ್ಯವನ್ನೂ, ಎಂದರೆ ಆ ಗೋಡೆಗಳಲ್ಲಿ ಯಾರಿಗೆ ಸ್ಥಾನ ದೊರೆತಿದೆಯೆಂಬುದನ್ನೂ ವಿಚಾರಿಸಬೇಕು.

ಮುಂಬಯಿಯ ನಾವು ನಿತ್ಯ ಕಾಣುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನೇ ತೆಗೆದುಕೊಳ್ಳೋಣ. ಎಫ್. ಡಬ್ಲ್ಯು. ಸ್ಟೀವನ್ಸ್‌ನ ಯೋಜನೆಯಂತೆ 1878ರಲ್ಲಿ ಆರಂಭವಾಗಿ ಹತ್ತು ವರ್ಷಗಳಲ್ಲಿ ಪೂರ್ಣಗೊಂಡ ಈ ಭವನದ ಕೆತ್ತನೆಯಲ್ಲಿ ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳ ಕೈಚಳಕವಿದೆ. ಅವರು ಕಂಡರಿಸಿದ ಎಲೆಬಳ್ಳಿ, ನವಿಲು, ಕೋತಿಗಳು ಗಾಥಿಕ್ ಕಟ್ಟಡಕ್ಕೆ ಈ ನೆಲದ ಜೀವಕಳೆಯನ್ನು ತಂದಿವೆ. ಆದರೆ ಗುಮ್ಮಟದ ಮೇಲೆ ನಿಂತಿರುವುದು 'ಪ್ರಗತಿ'ಯ ಪ್ರತಿಮೆ. ಕೃಷಿ, ವಾಣಿಜ್ಯಗಳೂ ಅಲ್ಲಿ ರೂಪಕಗಳೇ. ರೈಲ್ವೆ ಕಂಪನಿಯ ನಿರ್ದೇಶಕರಿಗೆ ಭಾವಶಿಲ್ಪದ ಗೌರವ ಸಂದಿತು. ಕಲ್ಲು ಹೊತ್ತವರಿಗೆ ಸಲ್ಲಲಿಲ್ಲ.

ಸ್ಟಾಕ್‌ಹೋಮ್ ನಗರದ ಸುರಂಗ ರೈಲಿನ ಮಾರ್ಗ ಬೇರೆ. 1950ರಲ್ಲಿ ಆರಂಭವಾದ ಈ ಸಾರಿಗೆಯ ಕೇಂದ್ರ ನಿಲ್ದಾಣಕ್ಕೆ 1957ರಲ್ಲಿ ಕಲೆ ಪ್ರವೇಶಿಸಿತು. ಇಂದು ನೂರು ನಿಲ್ದಾಣಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವು ಕಲಾಕೃತಿಗಳನ್ನು ಹೊಂದಿವೆ. ಸಿರಿ ಡರ್ಕರ್ಟ್ 1965ರಲ್ಲಿ ಓಸ್ಟರ್ಮಾಲ್ಮ್‌ಸ್ಟಾರ್ಗ್ ನಿಲ್ದಾಣದ ಕಾಂಕ್ರೀಟಿನಲ್ಲಿ ಸ್ತ್ರೀಯರ ಹಕ್ಕು ಮತ್ತು ಶಾಂತಿಯ ಚಿತ್ರಗಳನ್ನು ಕೊರೆಯಿಸಿದಳು. ಕೇಂದ್ರ ನಿಲ್ದಾಣದ ನೀಲಿ ಮಾರ್ಗದ ಗುಹೆಯಲ್ಲಿ ಪೆರ್ ಊಲೋಫ್ ಉಲ್ಟ್‌ವೆಡ್ 1975ರಲ್ಲಿ ನೀಲಿ ಬಳ್ಳಿಗಳೊಡನೆ ಬರೆದದ್ದು, ಆ ನಿಲ್ದಾಣವನ್ನು ಕಟ್ಟಿದ ಕಾರ್ಮಿಕರ ನೆರಳುರೂಪಗಳನ್ನು. ಅದೇ ವರ್ಷ ಸಿದ್ಧವಾದ ಸೋಲ್ನಾ ಸೆಂಟ್ರಮ್ ನಿಲ್ದಾಣದಲ್ಲಿ ಕೆಂಪು ಬಾನಿನ ಕೆಳಗೆ ಹಸುರು ಕಾಡು; ಅದರ ನಡುವೆ ಬರಿದಾಗುತ್ತಿರುವ ಹಳ್ಳಿಗಳ ಕಥೆ. ಜೀವನೋಪಾಯಕ್ಕಾಗಿ ಊರು ಬಿಟ್ಟು ಬಂದ ನಮಗೆ ಈ ವಸ್ತು ಪರಕೀಯವೆನಿಸದು.

ಸೋಲ್ನಾದ ಚಿತ್ರದಲ್ಲಿ ಪ್ರಸಂಗಗಳು ಬಹಳ, ಇಳಿಯುವ ಮೆಟ್ಟಿಲುಗಳ ಮೇಲೆ ನಿಂತವನಿಗೆ ಬಣ್ಣವಷ್ಟೇ ದಕ್ಕುತ್ತದೆಂದು ಆಕ್ಷೇಪಿಸಬಹುದು. ಒಂದು ದಿನದ ಪ್ರವಾಸಿಯ ಮಟ್ಟಿಗೆ ಅದು ನಿಜ. ದಿನವೂ ಓಡಾಡುವವನಾದರೋ ಇಂದು ಒಂದು ಮರವನ್ನು, ನಾಳೆ ಒಂದು ಮನೆಯನ್ನು ಕಾಣುತ್ತಾನೆ. ಅವನ ಪ್ರದಕ್ಷಿಣೆ ವರ್ಷಗಟ್ಟಲೆ ನಡೆಯುವಂಥದು. ನಿಲ್ದಾಣ ಕಲೆಯ ಬಲವಿರುವುದು ಈ ಪುನರ್ದರ್ಶನದಲ್ಲಿ.

2024 ಮತ್ತು 2025ರಲ್ಲಿ ಹಂತಹಂತವಾಗಿ ಮುಂಬಯಿಯ ಭೂಗತ ಮೆಟ್ರೊ ತೆರೆದಿದೆ. ಇಂತಹ ಹೊಸ ಗೋಡೆಗಳು ಅಲಂಕಾರದಿಂದ ತೃಪ್ತವಾಗಬಾರದು. ಅಗೆದವನೂ ದಿನನಿತ್ಯ ಹಾಯುವವನೂ ಅಲ್ಲಿ ತಮ್ಮನ್ನು ಗುರುತಿಸಿಕೊಳ್ಳುವಂತಾದರೆ ಮಾತ್ರ ಅದನ್ನು ಸಾರ್ವಜನಿಕ ಕಲೆಯೆನ್ನುವುದು ಸಾರ್ಥಕ.