ಪಂಚೆಯುಟ್ಟ ಸವಾರ: ಉಡುಗೆ ಮತ್ತು ವಾಹನಗಳ ಸಂಬಂಧವನ್ನು ಕುರಿತು ಒಂದು ವಿಮರ್ಶೆ

ಶಾಸನ, ಛಂದಸ್ಸು, ವ್ಯಾಕರಣಗಳ ಚರ್ಚೆಗೆ ಮೀಸಲಾದ ಪುಟಗಳಲ್ಲಿ ಪಂಚೆಯ ಮಾತನ್ನೆತ್ತುವುದು ಲಘುವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಮನುಷ್ಯನು ದಿನನಿತ್ಯ ಯೋಚಿಸದೆ ಮಾಡುವ ಕೆಲಸಗಳಲ್ಲಿಯೇ ಅವನ ಸಂಸ್ಕೃತಿಯ ಗಟ್ಟಿಯಾದ ಅಂಶವಿರುತ್ತದೆ. ಉಡುವುದು ಅಂತಹ ಕೆಲಸಗಳಲ್ಲಿ ಒಂದು. ಪಾಶ್ಚಾತ್ಯ ದೇಶಗಳಲ್ಲಿ ಕಿಲ್ಟನ್ನೋ ಸ್ಕರ್ಟನ್ನೋ ಉಟ್ಟು ಮೋಟಾರ್ ಸೈಕಲ್ ನಡೆಸುವ ಗಂಡಸರು ಕೆಲವರಿದ್ದಾರೆ. ಅವರನ್ನು ಅಲ್ಲಿಯ ಜನರು ಕುತೂಹಲದಿಂದ ನೋಡುತ್ತಾರೆ. ನಮ್ಮ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಹೊಲಿಯದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ವಾಹನವೇರುವ ಗಂಡಸರು ಲಕ್ಷಾಂತರ ಮಂದಿ. ಅವರನ್ನು ತಿರುಗಿ ನೋಡುವವರೇ ಇಲ್ಲ. ಹೀಗಿದ್ದೂ ಅದೇ ಸವಾರನು ಮುಂಬಯಿ, ಠಾಣೆಗಳಂತಹ ಊರಿಗೆ ಬಂದೊಡನೆ ಪಂಚೆಯನ್ನು ಪೆಟ್ಟಿಗೆಗೆ ಸೇರಿಸುವುದೇಕೆ? ಪ್ರಸ್ತುತ ಲೇಖನದ ಪ್ರಶ್ನೆ ಇಷ್ಟೇ.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಗಂಡಸರ ಹೊಲಿಯದ ಕೆಳಉಡುಗೆಯಲ್ಲಿ ನಮಗೆ ಎರಡು ಕ್ರಮಗಳುಂಟು. ಕಾಲುಗಳ ನಡುವೆ ತೆಗೆದು ಹಿಂದೆ ಸಿಕ್ಕಿಸುವುದು ಕಚ್ಚೆ. ಉತ್ತರ ಕರ್ನಾಟಕದ ಧೋತರ ಈ ಬಗೆಯದು. ಸುಮ್ಮನೆ ಸುತ್ತಿ ಉಡುವುದು ಅಡ್ಡಪಂಚೆ. ಕರಾವಳಿಯ ಮುಂಡು ಈ ಬಗೆಯದು. ಲುಂಗಿಯನ್ನೂ ಸುತ್ತಿಯೇ ಉಡುವರಾದರೂ ಅದರ ಎರಡು ಅಂಚುಗಳನ್ನು ಕೂಡಿಸಿ ಹೊಲಿಯುವುದುಂಟು. ಕಚ್ಚೆಯು ಸವಾರಿಗೆ ಒದಗುವ ಉಡುಗೆ. ‘ಕಚ್ಚೆ ಕಟ್ಟು’, ‘ಟೊಂಕ ಕಟ್ಟಿ ನಿಲ್ಲು’, ‘ವೀರಗಚ್ಚೆ’ ಎಂಬ ಮಾತುಗಳು ಸಾಹಸಕ್ಕೂ ಉಡುವ ಕ್ರಮಕ್ಕೂ ಇರುವ ನಂಟನ್ನು ಇಂದಿಗೂ ಉಳಿಸಿಕೊಂಡಿವೆ. ಕಿಲ್ಟಿಗೆ ಹತ್ತಿರವಾದುದು ಎರಡನೆಯ ಕ್ರಮ. ಮೊಳಕಾಲಿನ ಮೇಲಕ್ಕೆ ಮಡಿಚಿ ಕಟ್ಟಿದ ಮುಂಡಿಗೂ ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಕಿಲ್ಟಿಗೂ ಉದ್ದದಲ್ಲಿ ಹೆಚ್ಚಿನ ಅಂತರವಿಲ್ಲ. ವ್ಯತ್ಯಾಸವಿರುವುದು ಮರ್ಯಾದೆಯ ವ್ಯಾಕರಣದಲ್ಲಿ. ಹಿರಿಯರು ಎದುರಾದಾಗ ಮಡಿಚಿ ಕಟ್ಟಿದ ಮುಂಡನ್ನು ಇಳಿಬಿಡುವುದು ಕರಾವಳಿಯ ರೀತಿ. ಹಿರಿಯರನ್ನು ಕಂಡು ಮೋಟಾರ್ ಸೈಕಲ್ಲನ್ನು ಬದಿಗೆ ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೂರಿ, ಎಡಗೈಯಿಂದ ಮುಂಡಿನ ಮಡಿಕೆ ಬಿಚ್ಚುವ ಯುವಕನು ಹೊಸ ಯಂತ್ರಕ್ಕೆ ಹಳೆಯ ನಡತೆಯನ್ನು ಕಲಿಸುತ್ತಿದ್ದಾನೆ.

ಇನ್ನು ಯಂತ್ರದ ಮಾತು. ವಾಹನವೂ ಒಂದು ಉಡುಗೆಯನ್ನು ಊಹಿಸಿಕೊಂಡೇ ಹುಟ್ಟುತ್ತದೆ. ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕು ಎರಡು ಮೊಳಕಾಲುಗಳ ನಡುವೆ ಇರುವುದರಿಂದ ಸವಾರನು ಕಾಲಗಲಿಸಿ ಕೂರಲೇಬೇಕು. ಅದು ಷರಾಯಿಯನ್ನು ಊಹಿಸುವ ಯಂತ್ರ. ೧೯೪೬ರಲ್ಲಿ ಇಟಲಿಯ ವಿಮಾನಶಿಲ್ಪಿ ಕೊರಾದೀನೊ ದಾಸ್ಕಾನಿಯೊ ಅವರು ರೂಪಿಸಿದ ವೆಸ್ಪಾ ಸ್ಕೂಟರು ಈ ಊಹೆಯನ್ನು ಕೈಬಿಟ್ಟಿತು. ಎಂಜಿನನ್ನು ಮುಚ್ಚಿ, ಕಾಲಿನೆದುರು ತಗಡಿನ ಮರೆಯಿಟ್ಟು, ನಡುವೆ ಬಯಲುಬಿಟ್ಟುದರಿಂದ ಕುರ್ಚಿಯ ಮೇಲೆ ಕೂತಂತೆ ಕೂರುವುದು ಸಾಧ್ಯವಾಯಿತು. ವೆಸ್ಪಾ ಬಜಾಜ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದಿತು. ಅದರ ಸಮಕಾಲೀನವಾದ ಲ್ಯಾಂಬ್ರೆಟ್ಟಾ ಸ್ಕೂಟರು ನಮ್ಮ ಠಾಣೆಗೆ ಸಮೀಪದ ಭಾಂಡುಪಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ೧೯೮೦ರಲ್ಲಿ ಕನ್ನಡಿಗರೂ ವಾಸಿಸುವ ಗಡಿಯೂರಾದ ಹೊಸೂರಿನಿಂದ ಹೊರಟ ಟಿವಿಎಸ್ ಮೊಪೆಡ್ಡು ಈ ಸೌಲಭ್ಯವನ್ನು ಹಳ್ಳಿಗೆ ಒಯ್ದಿತು. ಹಾಲಿನ ಕ್ಯಾನನ್ನೋ ಹುಲ್ಲಿನ ಹೊರೆಯನ್ನೋ ಮುಂದಿಟ್ಟುಕೊಂಡು ಲುಂಗಿಯಲ್ಲಿಯೇ ಹೋಗುವ ರೈತನಿಗೂ ಆ ವಾಹನಕ್ಕೂ ಒಪ್ಪಂದವಾದಂತಿದೆ. ಇದಕ್ಕೆ ಬೇರೆಯಾದ ದಾರಿ ಮೈಸೂರಿನದು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯು ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ತಯಾರಿಸಿದುದು ಟ್ಯಾಂಕಿನ ಗಾಡಿಯನ್ನೇ. ಕನ್ನಡ ನಾಡಿನ ಮಣ್ಣಿನಲ್ಲಿ ತಯಾರಾದ ಮೋಟಾರ್ ಸೈಕಲ್ಲು ಕನ್ನಡಿಗನ ಪಂಚೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೂ ಪಂಚೆಯ ಕನ್ನಡಿಗನು ಅದನ್ನು ಏರದೆ ಬಿಡಲಿಲ್ಲ.

ಕಾನೂನಿನ ಭಾಷೆಯನ್ನೂ ಇಲ್ಲಿ ಪರಾಮರ್ಶಿಸಬೇಕು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೆಯದು, ಹಿಂಬದಿಯಲ್ಲಿ ಕೂರುವವರ ಬಟ್ಟೆಯು ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷೆಯಿರಬೇಕೆಂದು ವಿಧಿಸುತ್ತದೆ. ನಿಯಮವು ಹೆಣ್ಣೆಂದಾಗಲಿ ಸೀರೆಯೆಂದಾಗಲಿ ಹೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಆ ರಕ್ಷೆಯ ಹೆಸರು ‘ಸಾರಿ ಗಾರ್ಡ್’. ಸಡಿಲವಾದ ಬಟ್ಟೆ ಹಿಂದೆ ಕೂತ ಹೆಂಗಸಿನದು, ಮುಂದೆ ಕೂತ ಗಂಡಸಿನದು ಷರಾಯಿ ಎಂಬ ಚಿತ್ರವೊಂದು ನಿಯಮದ ಹಿಂದೆ ಅಡಗಿದೆ. ಪಂಚೆಯುಟ್ಟು ಗಾಡಿ ನಡೆಸುವ ಗಂಡಸು ಕಾನೂನಿಗೆ ಅಪರಾಧಿಯಲ್ಲ. ಅವನು ಅದರ ಕಲ್ಪನೆಗೇ ಬಾರದವನು. ೨೦೧೯ರಲ್ಲಿ ದಂಡದ ಮೊತ್ತಗಳು ಏರಿದಾಗ ಲುಂಗಿಗೂ ದಂಡವುಂಟೆಂಬ ವದಂತಿ ಹಬ್ಬಿತು. ಅಂತಹ ವಿಧಿಯಿಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಆ ಸೆಪ್ಟೆಂಬರಿನಲ್ಲಿ ತಿಳಿಸಬೇಕಾಯಿತು. ಜನರು ವದಂತಿಯನ್ನು ನಂಬಿದರೆಂಬುದೇ ವಿಚಾರಾರ್ಹ: ಲುಂಗಿಯಲ್ಲಿ ಏನೋ ತಪ್ಪಿರಬೇಕೆಂದು ಮನಸ್ಸು ಮೊದಲೇ ಒಪ್ಪಿಕೊಂಡಿತ್ತು.

ಈ ಒಪ್ಪಿಗೆ ಎಲ್ಲಿಂದ ಬಂದಿತು? ಮುಂಬಯಿ ಪ್ರದೇಶದ ಕನ್ನಡಿಗರಿಗೆ ಉತ್ತರ ತಿಳಿಯದುದಲ್ಲ. ೧೯೬೬ರಲ್ಲಿ ಶಿವಸೇನೆ ಸ್ಥಾಪನೆಯಾದ ನಂತರ ದಕ್ಷಿಣದವರ ವಿರುದ್ಧ ಎದ್ದ ಕೂಗು ಲುಂಗಿಯನ್ನು ಪುಂಗಿಯೊಡನೆ ಪ್ರಾಸಗೂಡಿಸಿತು. ಉಡುಪಿಯ ಹೋಟೆಲಿನವರು, ಗುಮಾಸ್ತರು, ಟೈಪಿಸ್ಟರು ಎಲ್ಲರನ್ನೂ ಒಂದು ಬಟ್ಟೆಯ ಹೆಸರಿನಿಂದ ಗುರುತಿಸಲಾಯಿತು. ಅವರಲ್ಲಿ ಬಹುಮಂದಿ ಕೆಲಸಕ್ಕೆ ಷರಾಯಿ ತೊಟ್ಟೇ ಹೋಗುತ್ತಿದ್ದರು ಎಂಬುದು ಕೂಗಿದವರಿಗೆ ಮುಖ್ಯವಾಗಲಿಲ್ಲ. ಹಾಗೆಂದು ದೋಷವನ್ನೆಲ್ಲ ನೆರೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ೨೦೨೪ರ ಜುಲೈಯಲ್ಲಿ, ಚಲನಚಿತ್ರ ನೋಡಲು ಮಗನೊಡನೆ ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟ ಕಾರಣಕ್ಕೆ ಒಳಗೆ ಬಿಡದಿದ್ದುದು ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲ್. ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸಿತು. ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಸದಾ ಪಂಚೆಯುಡುವವರಾಗಿದ್ದ ಕಾಲದಲ್ಲಿ, ಅವರ ರಾಜಧಾನಿಯಲ್ಲಿಯೇ ಇದು ನಡೆಯಿತು. ಅಧಿಕಾರಸ್ಥನ ಪಂಚೆ ಗೌರವದ್ದು, ರೈತನ ಪಂಚೆ ಅನುಮಾನದ್ದು ಎಂಬ ಭೇದವನ್ನು ಯಾರೂ ಹೊರಗಿನಿಂದ ತಂದು ಹೇರಿದುದಲ್ಲ.

ಕಿಲ್ಟಿನ ಚರಿತ್ರೆ ಇಲ್ಲಿ ನಮಗೆ ಪಾಠವಾಗಬಲ್ಲದು. ದಂಗೆಯನ್ನು ಅಡಗಿಸಿದ ಆಂಗ್ಲ ಪ್ರಭುತ್ವವು ೧೭೪೬ರ ಕಾಯಿದೆಯಿಂದ ಗುಡ್ಡಗಾಡಿನ ಉಡುಗೆಯನ್ನು ನಿಷೇಧಿಸಿ, ೧೭೮೨ರಲ್ಲಿ ನಿಷೇಧವನ್ನು ಹಿಂತೆಗೆಯಿತು. ೧೮೨೨ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ, ವಾಲ್ಟರ್ ಸ್ಕಾಟ್ ಅವರ ಏರ್ಪಾಟಿನಂತೆ, ಸ್ವತಃ ಕಿಲ್ಟ್ ಧರಿಸಿದನು. ನಿಂದೆಗೊಳಗಾದ ಬಟ್ಟೆ ರಾಜಮರ್ಯಾದೆ ಪಡೆಯಿತು. ಆದರೆ ಕ್ರಮೇಣ ನಿತ್ಯದ ಉಡುಗೆಯಾಗಿ ಉಳಿಯದೆ ಮದುವೆಗೂ ಮೆರವಣಿಗೆಗೂ ಮೀಸಲಾಯಿತು.

ನಾವೂ ಅದೇ ದಾರಿಯಲ್ಲಿದ್ದೇವೆ. ಡೊಂಬಿವಲಿಯಲ್ಲಿ ಮೊದಲಾಗಿ ಠಾಣೆ ಮುಂತಾದೆಡೆ ಹಬ್ಬಿದ ಯುಗಾದಿಯ ಶೋಭಾಯಾತ್ರೆಯಲ್ಲಿ ಕಚ್ಚೆಯ ಒಂಬತ್ತು ಗಜದ ಸೀರೆಯುಟ್ಟ ಹೆಣ್ಣುಮಕ್ಕಳು ಭಾರವಾದ ಮೋಟಾರ್ ಸೈಕಲ್ಲುಗಳನ್ನು ನಡೆಸುವ ದೃಶ್ಯ ನಿಜಕ್ಕೂ ಚೆಲುವಾದುದು. ಕಚ್ಚೆಯು ಸವಾರಿಗೆ ತಕ್ಕುದೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಡ. ನವೆಂಬರ್ ಒಂದರಂದು ನಮ್ಮ ತರುಣರೂ ಪಂಚೆಯುಟ್ಟು, ಹಳದಿ-ಕೆಂಪು ಶಾಲು ಹೊದ್ದು ಗಾಡಿಗಳ ಮೇಲೆ ಮೆರೆಯುತ್ತಾರೆ. ಮರುದಿನ ಆ ಬಟ್ಟೆ ಕಾಣುವುದಿಲ್ಲ. ಉಡುಗೆಯು ವೇಷವಾಗುವ ಕ್ಷಣ ಅದು.

ನನ್ನದೇ ಅನುಭವವೊಂದನ್ನು ಹೇಳಿದರೆ ಅಪ್ರಸ್ತುತವಾಗದು. ನನ್ನ ತಂದೆಯವರು ಗದಗಿನ ಕಡೆಯ ಹಳ್ಳಿಯಲ್ಲಿ ಧೋತರದ ಅಂಚಿಗೆ ಕ್ಲಿಪ್ಪು ಸಿಕ್ಕಿಸಿ ಸೈಕಲ್ ತುಳಿಯುತ್ತಿದ್ದರು. ನಾನು ಬ್ಯಾಂಕಿಗೆ ಸೇರಿದಂದಿನಿಂದ ಷರಾಯಿಯವನು. ವಾಸವೋ ವರ್ತಕನಗರದಲ್ಲಿ, ಸೂಟಿನ ಬಟ್ಟೆಗೆ ಹೆಸರಾದ ರೇಮಂಡ್ ಗಿರಣಿ ದಶಕಗಳ ಕಾಲ ನಡೆದ ಪೋಖರಣ್ ರಸ್ತೆಯ ನೆರೆಯಲ್ಲಿ. ಕಳೆದ ವರ್ಷ ಒಂದು ಭಾನುವಾರ ಪಂಚೆಯುಟ್ಟು ಸ್ಕೂಟರಿನಲ್ಲಿ ತರಕಾರಿಗೆ ಹೊರಟೆ. ಕೆಳಗಿನ ಮನೆಯ ಸಜ್ಜನರು ವಿಶ್ವಾಸದಿಂದಲೇ ಕೇಳಿದರು: “ಸಾಹೇಬ್, ಆಜ್ ಪೂಜಾ ಆಹೆ ಕಾ?” ಇಲ್ಲ, ಬದನೆಕಾಯಿ ತರಬೇಕೆಂದೆ. ಇಬ್ಬರೂ ನಕ್ಕೆವು. ಆದರೆ ಬಾಗಿಲಲ್ಲಿ ನಿಂತಿದ್ದ ನನ್ನ ಮಗ ನಗಲಿಲ್ಲ. “ಅಪ್ಪಾ, ಪ್ಯಾಂಟ್ ಹಾಕ್ಕೊಂಡು ಹೋಗಬಾರದಿತ್ತಾ?” ಎಂದನು. ನೆರೆಯವರ ಪ್ರಶ್ನೆಗಿಂತ ಮನೆಯೊಳಗಿನ ಪ್ರಶ್ನೆ ಭಾರವಾಯಿತು. ಅವನು ಇದೇ ಧ್ವನಿಯಲ್ಲಿ, ಲಿಫ್ಟಿನಲ್ಲಿ ಜನರಿರುವಾಗ ಕನ್ನಡ ಮಾತನಾಡಬೇಡವೆಂದೂ ಒಮ್ಮೆ ಹೇಳಿದ್ದನು.

ಪಂಚೆಯ ಸವಾರಿಗೆ ಎರಡು ಬಗೆಯ ಆಕ್ಷೇಪಗಳುಂಟು. ವಿಮರ್ಶಕನು ಅವನ್ನು ಬೆರೆಸಬಾರದು. ಸಡಿಲವಾದ ಅಂಚು ಸರಪಳಿಗೋ ಚಕ್ರದ ಕಡ್ಡಿಗೋ ಸಿಕ್ಕಬಹುದು, ಸೈಲೆನ್ಸರಿನ ಬಿಸಿ ಬರಿಗಾಲನ್ನು ಸುಡಬಹುದು, ಬಿದ್ದರೆ ಮೊಳಕಾಲಿಗೆ ರಕ್ಷೆಯಿರದು. ಇವು ನಿಜವಾದ ಆಕ್ಷೇಪಗಳು. ವೇಗದ ಹೆದ್ದಾರಿಯಲ್ಲಿ ನಾನೂ ಪಂಚೆಯನ್ನು ಶಿಫಾರಸು ಮಾಡಲಾರೆ. ಶಿರಸ್ತ್ರಾಣವಂತೂ ಯಾವ ಉಡುಗೆಗೂ ಕಡ್ಡಾಯ. ಆದರೆ ಓಣಿಯ ಅಂಗಡಿಗೆ ಹೋಗುವವನ ವಿರುದ್ಧ ಬರುವ ಆಕ್ಷೇಪ ಕ್ಷೇಮದ್ದಲ್ಲ, ಅಂತಸ್ತಿನದು. ಎರಡನೆಯದನ್ನು ಮೊದಲನೆಯದರ ಮಾತಿನಲ್ಲಿ ಹೇಳುವುದು ಅಪ್ರಾಮಾಣಿಕತೆ.

ಎಲ್ಲರೂ ಪಂಚೆಯುಡಬೇಕೆಂಬುದು ಈ ಲೇಖನದ ಆಶಯವಲ್ಲ; ಉಡುಗೆ ಬದಲಾಗುವುದು ಸಹಜ. ಆದರೆ ಅನುಕೂಲಕ್ಕಾಗಿ ಬಿಟ್ಟುದನ್ನೂ ನಾಚಿಕೆಗಾಗಿ ಬಿಟ್ಟುದನ್ನೂ ಒಂದೇ ಖಾತೆಗೆ ಬರೆಯುವುದು ಲೆಕ್ಕದ ತಪ್ಪು. ನಮ್ಮ ಸಂಘಗಳು ನವೆಂಬರಿನ ಮೆರವಣಿಗೆಗೆ ತೋರುವ ಉತ್ಸಾಹದ ಒಂದಂಶವನ್ನಾದರೂ ಸಾಮಾನ್ಯ ಭಾನುವಾರಗಳಿಗೆ ತೋರುವುದು ಲೇಸು. ನಾನಂತೂ ಈಗಲೂ ಭಾನುವಾರ ಪಂಚೆಯಲ್ಲಿಯೇ ತರಕಾರಿಗೆ ಹೋಗುತ್ತೇನೆ. ಕೆಳಗಿನ ಮನೆಯವರು ಪೂಜೆಯ ವಿಚಾರ ಕೇಳುವುದನ್ನು ಬಿಟ್ಟಿದ್ದಾರೆ. ಮಗನು ಇನ್ನೂ ಹಿಂದೆ ಕೂರಲು ಒಪ್ಪಿಲ್ಲ.