ಮನೆಯ ತಾರಸಿ ಮತ್ತು ಬಿಸಿಲು: ಸೌರ ಸಾಧನಗಳ ಲಾಭನಷ್ಟ

ಕರ್ನಾಟಕದ ಬಹುಭಾಗದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್ ವಿದ್ಯುತ್ತಿಗೆ ಸಮನಾದ ಬಿಸಿಲು ಬೀಳುತ್ತದೆ. ಆ ಬಿಸಿಲನ್ನು ಮನೆಗೆಲಸಕ್ಕೆ ಹಚ್ಚುವ ಸಾಧನಗಳು ಈಗ ಅಂಗಡಿಯಲ್ಲಿ ಹತ್ತಾರು ಬಗೆಯವು ಸಿಗುತ್ತವೆ. ನೀರು ಕಾಯಿಸುವ ಹೀಟರ್, ವಿದ್ಯುತ್ ಕೊಡುವ ಪ್ಯಾನೆಲ್, ಕುಕ್ಕರ್, ಕೈತೋಟದ ದೀಪ, ಮೊಬೈಲಿನ ಪವರ್ ಬ್ಯಾಂಕ್ ಎಲ್ಲವೂ ದುಡ್ಡನ್ನೂ ಉಳಿಸುತ್ತವೆ, ಪರಿಸರವನ್ನೂ ಉಳಿಸುತ್ತವೆ ಎಂಬ ಒಂದೇ ಭರವಸೆಯ ಮೇಲೆ ಮಾರಾಟವಾಗುತ್ತವೆ. ಆದರೆ ಈ ಭರವಸೆಯನ್ನು ಎಲ್ಲ ಸಾಧನಗಳೂ ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳುವುದಿಲ್ಲ. ಬಿಸಿಲನ್ನು ಶಾಖವಾಗಿಯೇ ಬಳಸುವ ಸಾಧನವು ತನ್ನ ಮೇಲೆ ಬಿದ್ದದ್ದರಲ್ಲಿ ಅರ್ಧದಷ್ಟನ್ನು ಕೆಲಸಕ್ಕೆ ತರಬಲ್ಲದು. ಅದನ್ನು ವಿದ್ಯುತ್ತಾಗಿಸುವ ಪ್ಯಾನೆಲ್ಲಿಗೆ ದಕ್ಕುವುದು ಸುಮಾರು ಐದನೇ ಒಂದು ಪಾಲು. ಆ ವಿದ್ಯುತ್ತನ್ನು ರಾತ್ರಿಗೆಂದು ಬ್ಯಾಟರಿಗೆ ತುಂಬಿದರೆ ಅದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ, ಜೊತೆಗೆ ಕೆಲವೇ ವರ್ಷ ಬಾಳುವ ಬ್ಯಾಟರಿಯ ಖರ್ಚು ತಲೆಯ ಮೇಲೆ ಬೀಳುತ್ತದೆ. ಮನೆಬಳಕೆಯ ಸೌರ ಸಾಧನಗಳ ಬೆಲೆ ಕಟ್ಟಬೇಕಾದದ್ದು ಈ ಇಳಿಜಾರನ್ನು ಕಣ್ಣಮುಂದೆ ಇಟ್ಟುಕೊಂಡೇ.

ಹಾಗೆ ನೋಡಿದರೆ ಮೊದಲ ಮನ್ನಣೆ ಸೋಲಾರ್ ವಾಟರ್ ಹೀಟರಿಗೆ ಸಲ್ಲಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಟ್ಯಾಂಕುಗಳು ಅಲ್ಲಿಗೆ ತಾವಾಗಿ ಬಂದವಲ್ಲ. ನಗರ ಪ್ರದೇಶದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ ಸರ್ಕಾರದ ನಿಯಮವೂ, ಅಳವಡಿಸಿಕೊಂಡವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಬಿಲ್ಲಿನಲ್ಲಿ ಸಿಕ್ಕ ರಿಯಾಯಿತಿಯೂ ಅವನ್ನು ಅಲ್ಲಿಗೆ ಏರಿಸಿದವು. ನಿಯಮಕ್ಕೆ ಆಧಾರ ಗಟ್ಟಿಯಾಗಿಯೇ ಇತ್ತು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ನಾಲ್ಕು ಯೂನಿಟ್ ವಿದ್ಯುತ್ ಬೇಕು. ಎರಡು ಚದರ ಮೀಟರಿನ ಫಲಕವೊಂದು ಬಿಸಿಲಿರುವ ದಿನ ಅಷ್ಟನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ವರ್ಷದಲ್ಲಿ ಮುನ್ನೂರು ದಿನ ಒಳ್ಳೆಯ ಬಿಸಿಲೆಂದು ಹಿಡಿದರೆ 1,200 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ಏಳು ಸಾವಿರ ರೂಪಾಯಿಗೂ ಮೇಲೆ. ಹಾಕಿದ ಬಂಡವಾಳ ಮೂರು ನಾಲ್ಕು ವರ್ಷದಲ್ಲಿ ವಾಪಸು ಬರುತ್ತದೆ, ಸಾಧನವು ಹದಿನೈದು ವರ್ಷ ಬಾಳುತ್ತದೆ.

ಈ ಲೆಕ್ಕ ನಿಲ್ಲಬೇಕಾದರೆ ಮನೆಯವರು ದಿನಕ್ಕೆ ನೂರು ಲೀಟರ್ ಬಿಸಿನೀರನ್ನು ನಿಜಕ್ಕೂ ಬಳಸುತ್ತಿರಬೇಕು. ಇಬ್ಬರೇ ಇರುವ ಮನೆಗೆ ಇನ್ನೂರು ಲೀಟರಿನ ಟ್ಯಾಂಕ್ ಏರಿಸಿದರೆ ಉಳಿಯುವುದು ಗೀಸರು ಸುಡುತ್ತಿದ್ದಷ್ಟೇ ಹೊರತು ಟ್ಯಾಂಕ್ ಕಾಯಿಸಿದಷ್ಟಲ್ಲ. ಇನ್ನೊಂದು ನಷ್ಟ ಪೈಪಿನೊಳಗಿದೆ. ತಾರಸಿಯಿಂದ ಬಚ್ಚಲಿಗೆ ಹದಿನೈದು ಮೀಟರ್ ಉದ್ದದ ಮುಕ್ಕಾಲು ಇಂಚಿನ ಪೈಪ್ ಇಳಿದಿದ್ದರೆ ಅದರೊಳಗೆ ನಾಲ್ಕೈದು ಲೀಟರ್ ನೀರು ರಾತ್ರಿಯೆಲ್ಲ ತಣ್ಣಗಾಗಿ ನಿಂತಿರುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದವರು ಬಿಸಿ ಬರುವವರೆಗೆ ಅದನ್ನು ಮೋರಿಗೆ ಬಿಡುತ್ತಾರೆ. ಕಾವೇರಿ ನೀರನ್ನು ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪು ಮಾಡಿ ತರುವ ಬೆಂಗಳೂರಿನಂಥ ಊರಿನಲ್ಲಿ ಇದು ನೀರಿನ ಜೊತೆಗೆ ವಿದ್ಯುತ್ತಿನ ನಷ್ಟವೂ ಹೌದು. ಟ್ಯಾಂಕನ್ನು ಬಚ್ಚಲುಮನೆಯ ನೇರ ಮೇಲೆ ಕೂರಿಸುವುದು, ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿಸುವುದು, ಇವು ಮನೆ ಕಟ್ಟುವಾಗಲೇ ಯೋಚಿಸಬೇಕಾದ ಸಂಗತಿಗಳು. ಎಷ್ಟೋ ಮನೆಗಳಲ್ಲಿ ಪ್ಲಂಬರಿಗೆ ಯಾರೂ ಇದನ್ನು ಹೇಳುವುದೇ ಇಲ್ಲ. ಅಂಥ ಮನೆಯವರು ಮೊದಲು ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಬಹುದು.

ಬೋರ್‌ವೆಲ್ ನೀರಿನ ಗಡಸುತನ ಹೀಟರಿನ ದೊಡ್ಡ ಶತ್ರು. ತಾಮ್ರದ ಸಣ್ಣ ಕೊಳವೆಗಳಿರುವ ಚಪ್ಪಟೆ ಫಲಕದಲ್ಲಿ ಸುಣ್ಣ ಕಟ್ಟಿಕೊಂಡು ಹರಿವೇ ನಿಂತುಹೋಗುತ್ತದೆ. ಅಂಥ ನೀರಿಗೆ ಗಾಜಿನ ಟ್ಯೂಬಿನ ಮಾದರಿ ವಾಸಿ. ಸುಣ್ಣ ಅಲ್ಲಿಯೂ ಕೂರುತ್ತದೆ, ಆದರೆ ತೆಗೆಯುವುದು ಸುಲಭ. ಗಾಜಿನ ಟ್ಯೂಬಿಗೆ ತನ್ನದೇ ನಾಜೂಕು ಇದೆ. ಮೇಲಿನ ತೊಟ್ಟಿ ಖಾಲಿಯಾಗಿ ಟ್ಯೂಬುಗಳು ಬರಿದಾಗಿ ಕಾದಿರುವಾಗ ಮಟಮಟ ಮಧ್ಯಾಹ್ನ ತಣ್ಣೀರು ಬಿಟ್ಟರೆ ಅವು ಚಿಟಿಲೆಂದು ಒಡೆಯುತ್ತವೆ. ಬೆಳಗಿನ ಜಾವವೋ ಸಂಜೆಯ ನಂತರವೋ ತುಂಬಿಸಬೇಕೆಂಬ ಮಾತನ್ನು ಮಾರುವವರು ಬರೆದು ಕೊಡಬೇಕು. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಇಡುವ ವಿದ್ಯುತ್ ಕಾಯಿಲ್ ಇದಕ್ಕಿಂತ ದುಬಾರಿ ತಪ್ಪಿಗೆ ದಾರಿ. ಅದರ ಸ್ವಿಚ್ಚನ್ನು ರಾತ್ರಿಯೆಲ್ಲ ಹಾಕಿಟ್ಟರೆ ಇಬ್ಬರ ಸ್ನಾನಕ್ಕಾಗಿ ಇನ್ನೂರು ಲೀಟರ್ ಕಾದು, ಮರುದಿನದ ಬಿಸಿಲಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಅಂಥ ಮನೆಯಲ್ಲಿ ಹದಿನೈದು ಲೀಟರಿನ ಗೀಸರೇ ಹೆಚ್ಚು ಮಿತವ್ಯಯದ್ದು.

ಮಲೆನಾಡು ಮತ್ತು ಕರಾವಳಿಯಲ್ಲಿ ಈ ಹೀಟರಿನ ಮಿತಿ ಬೇರೆ ರೀತಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿನೀರು ತೀರ ಬೇಕಾದ ಹೊತ್ತಿನಲ್ಲೇ, ಆಕಾಶ ಮುಚ್ಚಿರುತ್ತದೆ. ಬಚ್ಚಲ ಹಂಡೆ ಅಲ್ಲಿ ಇನ್ನೂ ಉಳಿದಿರುವುದು ಇದರಿಂದಲೇ. ಅಡಿಕೆಸಿಪ್ಪೆ, ತೆಂಗಿನ ಸೋಗೆ ತೋಟದಲ್ಲೇ ಸಿಗುತ್ತವೆ. ಅಂಥ ಮನೆಗೆ ಸೌರ ಫಲಕಕ್ಕಿಂತ ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಹಾಕುವ ಒಲೆ ಹೆಚ್ಚು ಉಪಕಾರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಕೊಟ್ಟ ಅಸ್ತ್ರ ಒಲೆಯ ಹಿಂದಿನ ವಿಚಾರವೂ ಇದೇ: ಇರುವ ಇಂಧನವನ್ನು ಚೆನ್ನಾಗಿ ಉರಿಸುವುದು.

ವಿದ್ಯುತ್ ಉತ್ಪಾದಿಸುವ ತಾರಸಿ ಪ್ಯಾನೆಲ್ಲಿನ ಕತೆಯಲ್ಲಿ ಷರತ್ತುಗಳು ಹೆಚ್ಚು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಮೂರು ಕಿಲೋವ್ಯಾಟ್ ತಿಂಗಳಿಗೆ 350ರ ಆಸುಪಾಸು. ಅಷ್ಟನ್ನು ಬಳಸುವ ಮನೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಉಳಿಯುತ್ತದೆ. ಐದಾರು ವರ್ಷದಲ್ಲಿ ಖರ್ಚು ತೀರಿ, ಪ್ಯಾನೆಲ್ ಇನ್ನೂ ಇಪ್ಪತ್ತು ವರ್ಷ ದುಡಿಯುತ್ತದೆ. ಇದು ನಿಜವಾದ, ದೊಡ್ಡ ಲಾಭ.

ಆದರೆ ಕರ್ನಾಟಕದಲ್ಲಿ ಈ ಲೆಕ್ಕದ ನಡುವೆ ಗೃಹಜ್ಯೋತಿ ಬರುತ್ತದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ವಿದ್ಯುತ್ ಉಚಿತ. ಬಿಲ್ಲೇ ಸೊನ್ನೆಯಾಗಿರುವ ಮನೆಗೆ ಪ್ಯಾನೆಲ್ ರೂಪಾಯಿ ಉಳಿಸಲಾರದು. ಗ್ರಿಡ್ಡಿಗೆ ಕೊಟ್ಟ ಉಳಿಕೆ ವಿದ್ಯುತ್ತಿಗೆ ಸಿಗುವ ದರವೂ ಮನೆ ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ತಿಂಗಳಿಗೆ ನೂರೈವತ್ತು ಯೂನಿಟ್ ಬಳಸುವ ಕುಟುಂಬಕ್ಕೆ ಸಾಲ ಮಾಡಿ ಮೂರು ಕಿಲೋವ್ಯಾಟ್ ಹಾಕಿಸಿಕೊಳ್ಳಿ ಎನ್ನುವುದು ಒಳ್ಳೆಯ ಸಲಹೆಯಲ್ಲ. ಅದೇ ಗೃಹಜ್ಯೋತಿ ವಾಟರ್ ಹೀಟರಿನ ಪ್ರಯೋಜನವನ್ನು ಹೆಚ್ಚಿಸಿದೆ ಎಂಬುದನ್ನು ಕಡಿಮೆ ಜನ ಗಮನಿಸಿದ್ದಾರೆ. ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಉಚಿತ ಮಿತಿ 200ರವರೆಗೂ ಇರುವ ಮನೆಗೆ 195 ಮತ್ತು 205 ಯೂನಿಟ್‌ಗಳ ನಡುವಿನ ಅಂತರ ಕೈಯಿಂದ ಹೋಗುವ ಹಣದಲ್ಲಿ ಸಾವಿರದ ಇನ್ನೂರು ರೂಪಾಯಿಗೂ ಹೆಚ್ಚು. ಚಳಿಗಾಲದಲ್ಲಿ ಗೀಸರು ತಿನ್ನುವ ನಲವತ್ತು ಐವತ್ತು ಯೂನಿಟ್ಟೇ ಮನೆಯನ್ನು ಆ ಗೆರೆಯಾಚೆ ದೂಡುವುದು.

ಪ್ಯಾನೆಲ್ ಹಾಕಿಸಿಕೊಂಡವರಿಗೆ ಎದುರಾಗುವ ನಿರಾಶೆಯೂ ಒಂದಿದೆ. ಬ್ಯಾಟರಿಯಿಲ್ಲದ, ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆಯು ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗಳ ಜೀವ ಕಾಯಲು ಇನ್ವರ್ಟರಿನಲ್ಲಿ ಆ ಏರ್ಪಾಡು ಇರಲೇಬೇಕು. ತಾರಸಿಯ ಮೇಲೆ ಸುಡುಬಿಸಿಲು, ಕೆಳಗೆ ನಿಂತ ಫ್ಯಾನು. ಮಾರುವಾಗ ಇದನ್ನು ಮೊದಲೇ ಹೇಳದಿದ್ದರೆ ಗ್ರಾಹಕರಿಗೆ ಮೋಸಹೋದಂತೆ ಅನಿಸುವುದು ಸಹಜ. ಪಕ್ಕದ ಮನೆಯ ನೀರಿನ ಟ್ಯಾಂಕಿನದೋ ತೆಂಗಿನ ಗರಿಯದೋ ನೆರಳು ಒಂದು ಮೂಲೆಗೆ ಬಿದ್ದರೂ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್ಲುಗಳ ಉತ್ಪಾದನೆ ಎದ್ದು ಕಾಣುವಷ್ಟು ಕುಸಿಯುತ್ತದೆ. ಬೇಸಿಗೆಯ ಧೂಳನ್ನು ಆಗಾಗ ತೊಳೆಯದಿದ್ದರೂ ಹಾಗೆಯೇ.

ಕೈಯಲ್ಲಿ ಹಿಡಿಯುವ ಸಣ್ಣ ಸಾಧನಗಳು ಜಾಹೀರಾತಿನಲ್ಲಿ ಹೆಚ್ಚು ಹೊಳೆಯುತ್ತವೆ, ಲೆಕ್ಕದಲ್ಲಿ ಹೆಚ್ಚು ಸೋಲುತ್ತವೆ. ಸೋಲಾರ್ ಪವರ್ ಬ್ಯಾಂಕನ್ನೇ ಹತ್ತಿರದಿಂದ ನೋಡಬಹುದು. ಅಂಗೈಯಗಲದ ಪ್ಯಾನೆಲ್ ನಡುಹಗಲಿನ ಬಿಸಿಲಿನಲ್ಲೂ ಒಂದೂವರೆ ಎರಡು ವ್ಯಾಟ್‌ಗಿಂತ ಹೆಚ್ಚು ಕೊಡಲಾರದು. ಒಳಗಿರುವ 10,000 ಎಂಎಎಚ್ ಬ್ಯಾಟರಿಗೆ ಬೇಕಾದದ್ದು 37 ವ್ಯಾಟ್-ಗಂಟೆ. ಅಂದರೆ ಅದನ್ನು ಬರಿಯ ಬಿಸಿಲಿನಿಂದ ತುಂಬಿಸಲು ವಾರವಿಡೀ ಹೊರಗಿಡಬೇಕು, ಆ ವಾರವಿಡೀ ಲಿಥಿಯಂ ಬ್ಯಾಟರಿ ಬಿಸಿಲಿಗೆ ಕಾದು ತನ್ನ ಆಯಸ್ಸನ್ನು ಕಳೆದುಕೊಳ್ಳುತ್ತಿರುತ್ತದೆ. ಗೋಡೆಯ ಪ್ಲಗ್ಗಿನಿಂದ ಅದೇ ಬ್ಯಾಟರಿ ತುಂಬಿಸಲು ತಗಲುವ ಖರ್ಚು 30 ಪೈಸೆ. ಒಂದು ಮೊಬೈಲನ್ನು ವರ್ಷವಿಡೀ ಚಾರ್ಜ್ ಮಾಡಿದರೂ ಐದಾರು ಯೂನಿಟ್, ಮೂವತ್ತು ಮೂವತ್ತೈದು ರೂಪಾಯಿ. ಕರೆಂಟೇ ಇಲ್ಲದ ಕಾಡಿನ ಚಾರಣಕ್ಕೆ, ನೆರೆಯ ದಿನಗಳಿಗೆ ಇದು ಆಸರೆಯಾದೀತು. ದುಡ್ಡು ಉಳಿಸುವ ಸಾಧನವೆಂದು ಮಾರುವುದು ತಪ್ಪು. ಕೈತೋಟದಲ್ಲಿ ನೆಡುವ ದೀಪಗಳದೂ ಬಹುಮಟ್ಟಿಗೆ ಇದೇ ಪಾಡು. ವರ್ಷ ಕಳೆಯುವಷ್ಟರಲ್ಲಿ ಮಂಕಾದವುಗಳನ್ನು ಜನ ಎಸೆದುಬಿಡುತ್ತಾರೆ. ಹಲವು ದೀಪಗಳಲ್ಲಿ ಕೆಟ್ಟಿರುವುದು ಗೋಡೆ ಗಡಿಯಾರಕ್ಕೆ ಹಾಕುವ ಗಾತ್ರದ, ಮತ್ತೆ ಚಾರ್ಜ್ ಆಗುವ ಒಂದು ಸೆಲ್ ಮಾತ್ರ. ಸ್ಕ್ರೂ ಬಿಚ್ಚಿ ಬದಲಾಯಿಸಿದರೆ ಅವು ಮತ್ತೆ ಉರಿಯುತ್ತವೆ.

ಪೆಟ್ಟಿಗೆಯಾಕಾರದ ಸೌರ ಕುಕ್ಕರ್ ತಾಂತ್ರಿಕವಾಗಿ ಅಚ್ಚುಕಟ್ಟಾದ ಸಾಧನ. ಕಪ್ಪು ಬಳಿದ ಪಾತ್ರೆಗಳು, ಎರಡು ಪದರದ ಗಾಜು, ಮೇಲೊಂದು ಕನ್ನಡಿ ಇಷ್ಟರಿಂದಲೇ ನೂರು ಡಿಗ್ರಿಗೂ ಮೀರಿದ ಶಾಖ ಹುಟ್ಟಿ ಅನ್ನ, ಬೇಳೆ ಎರಡು ಮೂರು ಗಂಟೆಯಲ್ಲಿ ಬೇಯುತ್ತವೆ. ಇದು ಸೋತದ್ದು ನಮ್ಮ ಮನೆಗಳ ದಿನಚರಿಯ ಮುಂದೆ. ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಬೇಕಾದ ಅಡುಗೆಮನೆಗೆ ಹನ್ನೊಂದರ ನಂತರ ಕಾಯುವ ಪೆಟ್ಟಿಗೆ ಒದಗದು. ಒಗ್ಗರಣೆ ಇದರಲ್ಲಿ ಆಗದು, ಮುದ್ದೆ ತೊಳಸಲಂತೂ ಸಾಧ್ಯವೇ ಇಲ್ಲ. ಮನೆಯಲ್ಲೇ ಇರುವ ಹಿರಿಯರು, ತಾರಸಿಯಲ್ಲಿ ಬಿಸಿಲು, ಮಧ್ಯಾಹ್ನ ಒಂದೂವರೆಗೆ ಊಟ, ಇವು ಮೂರೂ ಕೂಡಿದಲ್ಲಿ ಮಾತ್ರ ಇದು ಗ್ಯಾಸ್ ಉಳಿಸುತ್ತದೆ. ಹಪ್ಪಳ, ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಹಳೆಯ ರೂಢಿಯು ಅದೇ ಬಿಸಿಲನ್ನು ಯಾವ ಪೆಟ್ಟಿಗೆಯೂ ಇಲ್ಲದೆ ಬಳಸಿಕೊಂಡಿದೆ. ಬಟ್ಟೆ ಒಣಗಿಸುವ ಯಂತ್ರ ಕೊಳ್ಳದೆ ಹಗ್ಗ ಕಟ್ಟುವ ಮನೆಯೂ ಸೌರಶಕ್ತಿಯನ್ನು ಬಳಸುತ್ತಿರುವ ಮನೆಯೇ.

ಬ್ಯಾಟರಿ ಇರುವ ಸೌರ ದೀಪಗಳನ್ನು ಹೀಗೆ ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಕರೆಂಟಿನ ತಂತಿ ತಲುಪದ, ತಲುಪಿದರೂ ನೆಚ್ಚಲಾಗದ ಮನೆಗೆ ಅವು ಸೀಮೆಎಣ್ಣೆಯ ಬುಡ್ಡಿಗೆ ಬದಲಿ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೋ ಕರ್ನಾಟಕದ ಹಳ್ಳಿಗಳಲ್ಲಿ ತೋರಿಸಿಕೊಟ್ಟದ್ದು ಬಡವರೂ ಸೌರ ದೀಪಕ್ಕೆ ಹಣ ತೆರಬಲ್ಲರು, ಅದನ್ನು ಕೆಡದಂತೆ ಇಟ್ಟುಕೊಳ್ಳಬಲ್ಲರು ಎಂಬುದನ್ನು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕಾಗಿ. ಅಲ್ಲಿ ಗೆದ್ದದ್ದು ಪ್ಯಾನೆಲ್ಲಿನ ಗುಣ ಒಂದೇ ಅಲ್ಲ. ಮನೆಯ ಅಗತ್ಯ ನೋಡಿ ಎಷ್ಟು ದೀಪ ಎಲ್ಲಿ ಬೇಕೆಂದು ನಿರ್ಧರಿಸಿದ್ದು, ದುಡಿಮೆಗೆ ಹೊಂದುವ ಕಂತಿನಲ್ಲಿ ಬ್ಯಾಂಕ್ ಸಾಲ ಕೊಡಿಸಿದ್ದು, ಕೆಟ್ಟಾಗ ಮನೆಬಾಗಿಲಿಗೆ ಬರುವ ರಿಪೇರಿಯವರನ್ನು ಹತ್ತಿರದ ಊರಲ್ಲಿ ಇಟ್ಟದ್ದು ಗೆದ್ದವು. ಅನುದಾನದಲ್ಲಿ ಹಂಚಿಹೋದ ಎಷ್ಟೋ ಲಾಟೀನುಗಳು ಒಂದು ಬ್ಯಾಟರಿ ಬದಲಾಯಿಸುವವರಿಲ್ಲದೆ ಅಟ್ಟ ಸೇರಿವೆ. ಸೌರ ಸಾಧನ ಕೊಳ್ಳುವವರು ವ್ಯಾಟ್ ಎಷ್ಟೆಂದು ಕೇಳುವ ಮೊದಲು ರಿಪೇರಿ ಯಾರು ಮಾಡುತ್ತಾರೆಂದು ಕೇಳುವುದೇ ಸರಿ.

ಅಮೂಲ್ಯ ರೆಡ್ಡಿಯವರು ಶಕ್ತಿ ಯೋಜನೆಗಳ ಬಗ್ಗೆ ವಾದಿಸುತ್ತ ಬಂದದ್ದು, ಎಷ್ಟು ಉತ್ಪಾದಿಸಬೇಕೆಂಬ ಪ್ರಶ್ನೆಗಿಂತ ಯಾವ ಕೆಲಸಕ್ಕೆ ಎಷ್ಟು ಸಾಕೆಂಬ ಪ್ರಶ್ನೆ ಮೊದಲು ಬರಬೇಕೆಂದು. ಮನೆಯ ಮಟ್ಟದಲ್ಲಿ ಅದು ಅಕ್ಷರಶಃ ನಿಜ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಮಿತವ್ಯಯದ ಮೋಟಾರಿರುವ ಹೊಸ ಫ್ಯಾನ್ 30. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನಿನಿಂದ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ, ಮೂರು ಫ್ಯಾನಿನಿಂದ ಐವತ್ತರಷ್ಟು. ಅಷ್ಟನ್ನು ತಾರಸಿಯಲ್ಲಿ ಉತ್ಪಾದಿಸಲು ಅರ್ಧ ಕಿಲೋವ್ಯಾಟ್‌ನಷ್ಟು ಪ್ಯಾನೆಲ್ ಬೇಕು. ಬೇಳೆ, ಕಾಳುಗಳನ್ನು ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸುವುದು, 60 ವ್ಯಾಟಿನ ಬುರುಡೆಯ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ, ಹಳೆಯ ಫ್ರಿಜ್ಜಿನ ಬಾಗಿಲ ರಬ್ಬರ್ ಬದಲಿಸುವುದು ಇವು ತಾರಸಿಯೇ ಇಲ್ಲದ ಬಾಡಿಗೆದಾರರಿಗೂ ಎಟಕುತ್ತವೆ. ಸೌರ ಸಹಾಯಧನದ ಯೋಜನೆಗಳು ಸ್ವಂತ ಮಾಡು ಇದ್ದವರನ್ನೇ ಉದ್ದೇಶಿಸಿರುವುದರಿಂದ ಇವರಿಗೆ ಉಳಿತಾಯವೊಂದೇ ದಾರಿ. ಮೊದಲು ಬಳಕೆ ಇಳಿಸಿ ಆಮೇಲೆ ಪ್ಯಾನೆಲ್ ಅಳತೆ ಮಾಡಿಸಿದ ಮನೆಗೆ ಬಂಡವಾಳವೂ ಕಡಿಮೆ ಸಾಕು.

ಕೊನೆಗೆ ಉಳಿಯುವುದು ಹಳತಾದ ಸಾಧನದ ವಿಲೇವಾರಿ. ಇನ್ವರ್ಟರಿನ ಸೀಸದ ಬ್ಯಾಟರಿಗೆ ಗುಜರಿ ಬೆಲೆ ಇರುವುದರಿಂದ ಅಂಗಡಿಯವರೇ ವಾಪಸು ಪಡೆದು ಹೊಸದರ ಬೆಲೆಯಲ್ಲಿ ವಜಾ ಮಾಡುತ್ತಾರೆ. ಬೀದಿ ಗುಜರಿಗೆ ಹಾಕಿದರೆ ಅದನ್ನು ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲುವ ಅಪಾಯವಿದೆ, ಆದ್ದರಿಂದ ಮಾರಿದ ಅಂಗಡಿಗೇ ಒಪ್ಪಿಸುವುದು ಸರಿ. ಪವರ್ ಬ್ಯಾಂಕ್, ಲಾಟೀನಿನ ಸಣ್ಣ ಲಿಥಿಯಂ ಬ್ಯಾಟರಿಗಳು ಹಾಗಲ್ಲ. ಬೆಲೆಯಿಲ್ಲದ ಕಾರಣ ಕಸದ ಬುಟ್ಟಿಗೆ ಬಿದ್ದು, ಕಸದ ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ಹೊರಿಸಿವೆ, ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಸೌರ ಪ್ಯಾನೆಲ್ಲುಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಇ-ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ಕೇಂದ್ರಗಳು ದೊಡ್ಡ ನಗರಗಳಲ್ಲಿ ಸಿಗುತ್ತವೆ. ತಾಲ್ಲೂಕು ಮಟ್ಟದಲ್ಲಿ ಅವು ಬರುವವರೆಗೆ ಹಳೆಯ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ, ಒಣಗಿದ ಡಬ್ಬಿಯಲ್ಲಿ ಹಾಕಿ, ನಗರಕ್ಕೆ ಹೋಗುವವರ ಕೈಯಲ್ಲಿ ಕಳಿಸಬೇಕಾಗುತ್ತದೆ.